ಜೋಗಮ್ಮ ಹತ್ತಿಸಿದ ಬೆಂಡಿನೆಣ್ಣೆ

ಹರಪನಹಳ್ಳಿಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಜೋಗಮ್ಮ ಇಪ್ಪತ್ತು ವರ್ಷದಿಂದ ಒಲೆಗೆ ಹೊಟ್ಟು ಸುರಿಯುತ್ತಿದ್ದಳು. ಮಗಳು ಸಮತಾಗೆ ಊರಾಚೆಯ ಹೊಸ ಘಟಕದಲ್ಲಿ ಕೆಲಸ. ಅಲ್ಲಿ ಕಾಳು ಬಿಡಿಸಿ ಎಸೆದ ಮೆಕ್ಕೆಜೋಳದ ಬೆಂಡನ್ನು ಪುಡಿ ಮಾಡಿ, ಗಾಳಿಯಾಡದ ಕೊಳವೆಯಲ್ಲಿ ಐನೂರು ಡಿಗ್ರಿಗೆ ಕಾಯಿಸುತ್ತಾರೆ. ಪುಡಿಯ ಬಹುಪಾಲು ಕ್ಷಣದಲ್ಲಿ ಆವಿಯಾಗುತ್ತದೆ, ಆವಿ ತಣಿದು ಕಪ್ಪು ಎಣ್ಣೆಯಾಗುತ್ತದೆ.

ಅಮ್ಮನಿಗೆ ಹೊಗೆಯ ಕಾಟ ತಪ್ಪಲೆಂದು ಸಮತಾ ಒಂದು ದಿನ ಆ ಎಣ್ಣೆಯ ಕ್ಯಾನನ್ನೂ ಬರ್ನರನ್ನೂ ಭಟ್ಟಿಗೆ ತಂದಳು. ಆದರೆ ಎಷ್ಟು ಕಡ್ಡಿ ಗೀರಿದರೂ ಎಣ್ಣೆ ಹತ್ತಲಿಲ್ಲ. ಅವಳ ಮುಖ ಬಾಡಿತು.

"ತಣ್ಣನ ಒಲಿಯಾಗ ಅದು ಹೆಂಗ ಹತ್ತತೈತವ್ವ? ಮೊದ್ಲು ಹೊಟ್ಟು ಹಾಕಿ ಒಲಿ ಕಾಸು, ಆಮ್ಯಾಲ ಎಣ್ಣಿ ಬಿಡು" ಎಂದು ಜೋಗಮ್ಮ ತಾನೇ ಎರಡು ಬುಟ್ಟಿ ಹೊಟ್ಟು ಉರಿಸಿದಳು. ಒಲೆ ಕೆಂಪಗೆ ಕಾದ ಮೇಲೆ ಸಮತಾ ಎಣ್ಣೆ ಬಿಟ್ಟಳು. ಭುಸ್ಸೆಂದು ಜ್ವಾಲೆ ಎದ್ದಿತು. ಒಲೆಯ ಮೇಲಿನ ಬಾಣಲೆಯ ಕಾದ ಮರಳಿನಲ್ಲಿ ಅಕ್ಕಿ ಚಟಪಟನೆ ಅರಳಿತು.

"ಜೋಗಮ್ಮ, ನಾಳಿಂದ ಬರ್ನರ್ ಉಸ್ತುವಾರಿ ನಿಂದ" ಎಂದರು ಮಾಲೀಕ ಕೊಟ್ರಸ್ವಾಮಿ.

"ಕುಂತ್ಕಂಡು ಮಾಡೋ ಕೆಲ್ಸ ಆದ್ರ ಆತ್ರಿ" ಎಂದು ಅವಳು ನಕ್ಕಳು.

ಈಗ ಪಕ್ಕದ ಭಟ್ಟಿಗಳಿಗೂ ಬರ್ನರ್ ಬಂದಿದೆ. ಮೊದಲ ದಿನ ಉರಿ ಹತ್ತಿಸಲು ಎಲ್ಲರೂ ಜೋಗಮ್ಮನನ್ನೇ ಕರೆಯುತ್ತಾರೆ.