ಬೆರಳಿಗೆ ಸಿಗುವ ಗೆರೆ

ಬೆಳಗಿನ ಆರೂವರೆ. ತಗಡೂರಿನ ಮಹದೇವಮ್ಮ ಹೊಲಿಗೆ ಮಿಷನ್ನನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು ಕೂತಿದ್ದಾರೆ. ಕಾಲರಿಗೆ ಹಾಕುವ ಗಟ್ಟಿ ಕ್ಯಾನ್ವಾಸಿನ ಮೇಲೆ ದಪ್ಪ ನೂಲಿನ ಎರಡು ಗೆರೆ. ಒಂದು ಮಲಗಿದೆ, ಒಂದು ನಿಂತಿದೆ. ಅವು ಕೂಡುವಲ್ಲಿ ಬಟ್ಟೆ ನಾಲ್ಕು ಭಾಗವಾಗಿದೆ. ಪುಸ್ತಕದಲ್ಲಿ ಇವು ಚತುರ್ಥಕಗಳು, ಮಹದೇವಮ್ಮನ ಬಾಯಲ್ಲಿ ಮನೆಗಳು. ಮೇಲೆ ಬಲಗಡೆಯದು ಒಂದನೆಯದು, ಎಡಗಡೆಯದು ಎರಡನೆಯದು, ಅದರ ಕೆಳಗಿನದು ಮೂರನೆಯದು, ಕೆಳಗೆ ಬಲಗಡೆಯದು ನಾಲ್ಕನೆಯದು. ಸಮೀಕರಣದ ಗೆರೆ ಯಾವ ಯಾವ ಮನೆ ಹಾಯುತ್ತದೆಂದು ಖಚಿತವಾದ ಮೇಲೆಯೇ ಅವರು ದಾರ ಕೂರಿಸಿ ಹೊಲಿಯುವುದು.

ಪಕ್ಕದ ಮನೆಯ ಧನುಶ್ರೀಗೆ ಹುಟ್ಟಿನಿಂದ ಕಣ್ಣು ಕಾಣದು. ಹತ್ತನೇ ತರಗತಿಗೆ ಗಣಿತ ಬೇಡವೆಂದವರ ಮಾತು ಅವಳು ಕೇಳಲಿಲ್ಲ. ಈ ನಕ್ಷೆಗಳನ್ನು ಬೆರಳಲ್ಲಿ ಓದುತ್ತಾಳೆ.

ಮಹದೇವಮ್ಮನಿಗೆ ಐವತ್ತಾರು. ಏಳನೇ ತರಗತಿಗೇ ಶಾಲೆ ಬಿಟ್ಟವರು. ದಿನಕ್ಕೆ ಐದು ರವಿಕೆ ಹೊಲಿಯಬೇಕು. ಅದಕ್ಕೂ ಮುಂಚೆ ಒಂದು ನಕ್ಷೆ, ಒಂದೂವರೆ ಗಂಟೆಯ ಕೆಲಸ. ಇದುವರೆಗೆ ಅರವತ್ತಮೂರಾಗಿವೆ. "ಸೊಂಟ ಅನ್ನೋದು ನಂದಲ್ಲ ಸಾ. ಸೂಜಿಗೆ ದಾರ ಪೋಣ್ಸೋಕೇ ಕಾಲ್ಗಂಟೆ ಇಡೀತದೆ," ಎನ್ನುತ್ತಾರೆ ನೋಡಲು ಹೋದ ನನ್ನೊಡನೆ.

ಮೊದಲು ಗಣಿತದ ಮೇಷ್ಟ್ರು ನಟರಾಜ್ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಡುತ್ತಿದ್ದರು. ಪುರುಸೊತ್ತಾಗದೆ, ಮಹದೇವಮ್ಮನಿಗೇ ಲೆಕ್ಕ ಕಲಿಸಿ, ಚೀಟಿಯಲ್ಲಿ ಸಮೀಕರಣವನ್ನಷ್ಟೇ ಕಳಿಸತೊಡಗಿದರು. ಒಮ್ಮೆ y = −2x + 3 ಬಂತು. ಮೈನಸ್ಸು ಮಹದೇವಮ್ಮನ ಕಣ್ಣಿಗೆ ಬೀಳಲಿಲ್ಲ. ಇಳಿಯಬೇಕಾದ ಗೆರೆ ಏರಿತು.

ತರಗತಿಯಲ್ಲಿ ಕೇಳಿದ ಸಮೀಕರಣ ನೆನಪಿದ್ದ ಧನುಶ್ರೀಯ ಬೆರಳು ತಡೆದು ನಿಂತಿತು. "ದೊಡ್ಡಮ್ಮ, ಇದು ಮೂರ್ನೇ ಮನೆಗೆ ಓಗ್ಬಾರ್ದು. ನಾಲ್ಕನೇದ್ರಲ್ಲಿ ಇಳೀಬೇಕು."

ಮಹದೇವಮ್ಮ ಹೊಲಿಗೆ ಬಿಚ್ಚಿದರು. "ನಾಚ್ಕೆ ಆಯ್ತು ಸಾ. ನೋಡೋ ಕಣ್ಣು ನಂದು, ಕಂಡಿದ್ದು ಅವ್ಳಿಗೆ. ಈಗ ಮೊದ್ಲು ಎಕ್ಸ್ ಜೊತೆಗಿರೋ ಗುರ್ತು ನೋಡ್ತೀನಿ. ಮೈನಸ್ ಇದ್ರೆ ಗೆರೆ ಇಳೀತದೆ. ಒಂಟಿ ಅಂಕಿ ಪ್ಲಸ್ ಆದ್ರೆ ನಿಂತ ಗೆರೇನ ಮೇಲ್ಗಡೆ ದಾಟ್ತದೆ. ಅಂಗಿದ್ರೆ ಮೂರ್ನೇ ಮನೆ ತಂಟೆಗೇ ಓಗಾಕಿಲ್ಲ."

ಅರ್ಧವಾರ್ಷಿಕ ಪರೀಕ್ಷೆಯಲ್ಲಿ y = −3x − 2 ಯಾವ ಚತುರ್ಥಕಗಳಲ್ಲಿ ಹಾಯುತ್ತದೆಂದು ಕೇಳಿದ್ದರು. ಮುಟ್ಟಿ ನೋಡಲು ಬಟ್ಟೆ ಇರಲಿಲ್ಲ. ಒಂದನೆಯದನ್ನು ಬಿಟ್ಟು ಉಳಿದ ಮೂರರಲ್ಲೂ ಹಾಯುತ್ತದೆ ಎಂದು ಧನುಶ್ರೀ ತನ್ನ ಪರವಾಗಿ ಬರೆಯುವ ಹುಡುಗಿಗೆ ಹೇಳಿದಳು. ಉತ್ತರ ಸರಿಯಾಗಿತ್ತು.

ಈಗ ಬಾಗಿದ ಗೆರೆಗಳ ಪಾಠ ನಡೆದಿದೆ. ದಾರ ಬಗ್ಗಿಸಿ ಕೂರಿಸುವಷ್ಟರಲ್ಲಿ ಮಹದೇವಮ್ಮನ ಬೆರಳು ಮರಗಟ್ಟುತ್ತದೆ. ಏನಾದರೂ ಆಸೆ ಇದೆಯೇ ಎಂದರೆ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾರೆ.

"ಇವ್ಳಿಗೆ ನಾನು ಬೇಡ್ವೇ ಬೇಡ ಅನ್ನೋ ದಿನ ಬರ್ಲಿ ಸಾ. ಅವತ್ತು ಎಂಟು ಗಂಟೆ ತನ್ಕ ಮಲೀಕತೀನಿ."