ಸೆರಗಿನ ಗಂಟಿನ ಕೂದಲು

ಬೈಲಹೊಂಗಲದ ಟಾಂಗಾ ಹೊಡೆಯುವ ಅಲ್ಲಾವುದ್ದೀನನ ಕುದುರೆಯ ಬಾಲದ ಕೂದಲು ಬಿಗಿದರೆ ಚರ್ಮದ ಮೇಲಿನ ನರೂಲಿ ಉದುರುತ್ತದೆಂದು ದೊಡವಾಡದಿಂದಲೂ ಜನ ಬರುತ್ತಿದ್ದರು. ಒಂದು ದಿನ ಹೆಂಡತಿ ಹಮೀದಾಬಿಯೂ ಮೆಲ್ಲಗೆ, "ನನಗೂ ಒಂದ್ ಕೂದಲಾ ಕೊಡ್ರಿ" ಎಂದಳು. "ಎಲ್ಲಿ ಆಗೇತಿ, ತೋರ್ಸು" ಎಂದು ನಕ್ಕ, ಪುಣ್ಯಾತ್ಮ. ನಾಚಿ ಒಳಗೆ ಹೋದವಳು ಮತ್ತೆ ಕೇಳಲಿಲ್ಲ.

ಎರಡು ವರ್ಷಕ್ಕೆ, 2001ರಲ್ಲಿ, ರಕ್ತ ನಿಲ್ಲದಾದಾಗ ದವಾಖಾನೆಗೆ ಒಯ್ದ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್.

"ನರೂಲಿ ವೈರಸ್ಸಿನ ಬಳಗದ್ದ ಒಂದು ವೈರಸ್ಸಿನಿಂದ ಬರತೈತಿ ಇದು," ಎಂದರು ಡಾಕ್ಟರು. "ತಳದ ಜೀವಕೋಶದಾಗ ಹೊಕ್ಕು ಸುಮ್ಮನ ಕುಂದರತೈತಿ. ಆ ಜೀವಕೋಶ ಮ್ಯಾಲ ಬಂದಂಗ ತನ್ನ ನಕಲು ಹೆಚ್ಚಿಸತೈತಿ. ಅದರ ಜೀನು ಜೀವಕೋಶದ ಜೀನಿನಾಗ ಸೇರಿತಂದ್ರ ಲಗಾಮು ಹರದಂಗ, ಬೆಳಿಯೋದು ನಿಲ್ಲಂಗಿಲ್ಲ. ಮೊದಲ ತಂದಿದ್ರ ಉಳಸಬಹುದಿತ್ತು."

ಮೂರೇ ತಿಂಗಳಿಗೆ ಹಮೀದಾಬಿ ತೀರಿಕೊಂಡಳು. ಮೀಯಿಸಿದ ಹೆಂಗಸರು ಅವಳ ಸೆರಗಿನ ಗಂಟಿನಲ್ಲಿದ್ದುದನ್ನು ಅವನ ಕೈಗಿಟ್ಟರು. ಎಲ್ಲಿಯೂ ಕಟ್ಟದೆ, ಸುರುಳಿ ಸುತ್ತಿಟ್ಟ ಒಂದೇ ಒಂದು ಕುದುರೆ ಕೂದಲು.