ಭಾವ ಬಳಿದ ಮನೆ

ನಮ್ಮ ಭಾವನವರಿಗೆ ಗೋಡೆ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಮನೆಗಳಿಗೆ ಬಣ್ಣ ಬಳಿಯುವುದು ಅವರ ಕಸುಬು. ಯಾರ ಮನೆಗೇ ಹೋಗಲಿ, ಕೂರುವ ಮೊದಲು ಗೋಡೆಯನ್ನು ಉಗುರಿನಿಂದ ಕೆರೆದು ನೋಡುತ್ತಾರೆ, ಪುಟ್ಟಿ ಸರಿಯಾಗಿ ಹಾಕಿಲ್ಲವೆಂದು ಮೂಗು ಮುರಿಯುತ್ತಾರೆ, ಕ್ಷೇಮ ಸಮಾಚಾರವೆಲ್ಲ ಆಮೇಲೆ. ನಾನೊಮ್ಮೆ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಬಂದವರು ನನಗಿಂತ ವಾರ್ಡಿನ ಗೋಡೆಗಾಗಿಯೇ ಹೆಚ್ಚು ಮರುಗಿದರು.

ಇಂಥವರು ಮನೆ ಬದಲಿಸಲು ಹೊರಟದ್ದು ಅಕ್ಕನ ಮಂಡಿಯಿಂದಾಗಿ. ಇವರದು ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿ. ಮೊದಮೊದಲು ಅಕ್ಕ ತರಕಾರಿ ಚೀಲ ಹಿಡಿದು ಎರಡನೆಯ ಮಹಡಿಯ ತಿರುವಿನಲ್ಲಿ ಕೂತು ಸುಧಾರಿಸಿಕೊಂಡು ಬರುತ್ತಿದ್ದಳು. ಅಲ್ಲಿನವರು ಅವಳಿಗೆಂದೇ ಒಂದು ಮಣೆ ಹಾಕಿದ್ದರು. ಬರಬರುತ್ತಾ ಕೆಳಗೆ ಇಳಿಯುವುದನ್ನೇ ಬಿಟ್ಟಳು. ಬೀದಿಯನ್ನು ಕಿಟಕಿಯಿಂದ ನೋಡುವುದು, ನೆಂಟರನ್ನು ಫೋನಿನಲ್ಲಿ ವಿಚಾರಿಸುವುದು, ಅಷ್ಟೆ. ಇದು ಭಾವನವರ ಕರುಳಿಗೆ ಚುಚ್ಚಿತು. ನೆಲಕ್ಕೆ ಸಮನಾಗಿ ಬಾಗಿಲಿರುವ ಮನೆಯನ್ನು ಅವಳಿಗೆ ಕೊಡಿಸಿಯೇ ಸೈ ಎಂದು ಹಟ ಹಿಡಿದರು.

ಮನೆಯೇನೋ ಸಿಕ್ಕಿತು. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರದು, ಒಂದೇ ಅಂತಸ್ತು, ಮುಂದೆ ನಾಲ್ಕು ಗಿಡ. ಅವರು ತಂಗಿಯ ಊರಿಗೆ ಹೋಗುವವರಿದ್ದರು. ಬೆಲೆ ಬಾಯಿಮಾತಿನಲ್ಲೇ ತೀರ್ಮಾನವಾಯಿತು. ಸಿಗದೆ ಹೋದದ್ದು ಸಾಲ. ಬೆಲೆಯಲ್ಲಿ ಐದನೆಯ ಒಂದು ಭಾಗವನ್ನು ಕೈಯಿಂದ ಹಾಕಿ ಎಂದು ಬ್ಯಾಂಕಿನವರು ಹೇಳುವುದು, ಹಳೆಯ ಮನೆ ಮಾರಿ ಅದರ ಬಾಕಿ ತೀರಿಸಿದರೆ ನಮ್ಮಲ್ಲಿ ಉಳಿಯುವುದು ಅದರ ಅರ್ಧ ಎಂದು ಭಾವನವರು ಹೇಳುವುದು, ಅಲ್ಲಿಗೆ ಮಾತು ಮುಗಿಯುವುದು. ಒಂದು ಬ್ಯಾಂಕಿನಲ್ಲಂತೂ ಮ್ಯಾನೇಜರು ಮಾತಾಡುತ್ತಿದ್ದಷ್ಟು ಹೊತ್ತೂ ಇವರು ಅವನ ಬೆನ್ನ ಹಿಂದಿನ ಗೋಡೆಯ ಬಿರುಕನ್ನೇ ನೋಡುತ್ತಿದ್ದರು. ಸಾಲ ಸಿಗಲಿಲ್ಲ. ಬಿರುಕಿನ ಬಗ್ಗೆ ಸಲಹೆ ಕೊಟ್ಟು ಬಂದರು.

ಕೊನೆಗೊಂದು ಸಣ್ಣ ಬ್ಯಾಂಕಿನ ಸಾಲದ ಅಧಿಕಾರಿ ಇವರನ್ನು ಕೂರಿಸಿ ಮಾತಾಡಿಸಿದಳು. ಹತ್ತನೆಯ ಒಂದು ಭಾಗ ಹಾಕಿದರೂ ಸಾಕು, ಆದರೆ ತಮ್ಮ ಇಂಜಿನಿಯರು ಬಂದು ನೋಡಿ ಮನೆ ಒಳ್ಳೆಯ ಸ್ಥಿತಿಯಲ್ಲಿದೆ ಎಂದು ಬರೆಯಬೇಕು ಎಂದಳು.

ಒಳ್ಳೆಯ ಸ್ಥಿತಿ ಎಂದರೆ ಬೇರೆಯವರು ಚಾವಣಿ ಎನ್ನುತ್ತಾರೆ, ಪಾಯ ಎನ್ನುತ್ತಾರೆ. ನಮ್ಮ ಭಾವನವರ ಕಿವಿಗೆ ಬಿದ್ದದ್ದು ಬಣ್ಣ. ಮರುದಿನವೇ ಏಣಿ ಹೊತ್ತು ಟೀಚರ ಮನೆ ಮುಂದೆ ನಿಂತರು. ಹೇಗೂ ನಾಳೆ ನನ್ನದೇ ಆಗುವ ಮನೆ, ಕೂಲಿ ಬೇಡ, ಸಾಮಾನು ನನ್ನದೇ ಎಂದರು. ಬೇಡ ಎನ್ನಲು ಆಕೆಗೇನು ಹುಚ್ಚೇ? ಡಬ್ಬ ಹೊರುವ ಕೆಲಸ ನನ್ನ ತಲೆಗೆ ಬಂತು. ಅಕ್ಕ ಮಾತ್ರ, ನಮ್ಮದಾಗೋ ತನಕ ತಾಳ್ಮೆ ಇರಲಿ ಅಂತ ಫೋನಿನಲ್ಲಿ ಹೇಳುತ್ತಲೇ ಇದ್ದಳು. ಕೇಳುವವರು ಯಾರು?

ನಿಜ ಹೇಳಬೇಕು, ಅಂಥ ಕೆಲಸವನ್ನು ಅವರು ಯಾರಿಗೂ ಮಾಡಿಕೊಟ್ಟಿರಲಿಲ್ಲ. ಅಡುಗೆಮನೆಯ ಹೊಗೆಯ ಕಲೆ ಮಾಯವಾಯಿತು. ಹಜಾರಕ್ಕೆ ತೆಳು ಹಳದಿ ಬಳಿದು, ಬೆಳಗಿನ ಬಿಸಿಲು ಬಿದ್ದಾಗ ಹೇಗೆ ಕಾಣುತ್ತದೆಂದು ನೋಡಲು ಮತ್ತೊಮ್ಮೆ ಹೋಗಿ ಬಂದರು. ಬಾಗಿಲಿನ ಪಟ್ಟಿಗಳನ್ನು ಚಿಕ್ಕ ಬ್ರಷ್ಷಿನಲ್ಲಿ, ಉಸಿರು ಬಿಗಿಹಿಡಿದು ಬಳಿದರು. ಟೀಚರು ಕುರ್ಚಿ ಹಾಕಿಕೊಂಡು ಕೂತು ನೋಡಿದ್ದೇ ನೋಡಿದ್ದು.

ಇಂಜಿನಿಯರು ಬಂದ. ಚಾವಣಿ ಹತ್ತಿದ, ಪಾಯ ತಟ್ಟಿದ, ಚರಂಡಿಯ ಮುಚ್ಚಳ ತೆಗೆದು ಬಗ್ಗಿ ನೋಡಿದ. ಹಳದಿ ಗೋಡೆಗೆ ಟೇಪು ಒತ್ತಿ ಹಿಡಿದು ಅಳತೆ ತೆಗೆದನೇ ಹೊರತು ಅದರ ಬಣ್ಣ ಯಾವುದೆಂದು ಕೇಳಿದ್ದರೆ ಹೇಳಲು ಅವನಿಗೆ ಬರುತ್ತಿರಲಿಲ್ಲ. ಮನೆ ಗಟ್ಟಿಯಾಗಿದೆ ಎಂದು ಬರೆದುಕೊಂಡು ಹೋದ. ಸಾಲ ಮಂಜೂರಾಯಿತು.

ಆ ಸಂಜೆ ಸುದ್ದಿ ಹೇಳಲು ಹೋದ ಭಾವನವರನ್ನು ಟೀಚರು ಒಳಗೆ ಕರೆದು ಟೀ ಕೊಟ್ಟರು.

"ತಪ್ಪು ತಿಳ್ಕೋಬೇಡಿ," ಎಂದರು. "ಇಷ್ಟು ವರ್ಷ ಇದ್ದೆ, ನನ್ನ ಮನೆ ಇಷ್ಟು ಚೆನ್ನಾಗಿದೆ ಅಂತ ನನಗೇ ಗೊತ್ತಿರಲಿಲ್ಲ. ಬಿಟ್ಟು ಹೋಗೋಕೆ ಮನಸ್ಸೇ ಬರ್ತಿಲ್ಲ. ನಾನು ಮಾರಲ್ಲ."

ಬಣ್ಣದ ಖರ್ಚನ್ನು ಕೊಡುತ್ತೇನೆಂದರು, ಕೊಟ್ಟೂ ಬಿಟ್ಟರು. ಜಗಳವಾಡಬೇಕಾಗಿದ್ದ ನಮ್ಮ ಭಾವನವರು, ಹಳದಿಗೆ ಒದ್ದೆ ಬಟ್ಟೆ ತಾಗಿಸಬೇಡಿ ಎಂದು ಹೇಳಿ ಎದ್ದು ಬಂದರು.

ಮನೆಗೆ ಬಂದು ಅಕ್ಕನ ಮುಂದೆ ಇಂಗು ತಿಂದ ಮಂಗನ ಹಾಗೆ ನಿಂತರು. ನನಗೆ ನಗು, ಸಿಟ್ಟು ಎರಡೂ ಒತ್ತರಿಸಿಕೊಂಡು ಬಂದವು. ಅಕ್ಕ ಕಿಟಕಿಯಿಂದ ಮುಖ ತಿರುಗಿಸದೆ, ಆಕೆಗೆ ನಿಜವಾಗಿಯೂ ಅಷ್ಟು ಹಿಡಿಸಿತಾ ಎಂದು ಕೇಳಿದಳು. ಹೌದು ಎಂದರು ಭಾವ, ಸಣ್ಣ ದನಿಯಲ್ಲಿ, ಆದರೆ ಮುಖದ ಮೇಲಿನ ಹೆಮ್ಮೆ ಮುಚ್ಚಿಡಲಾಗಲಿಲ್ಲ. ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ.

ಬೆಳಗಾದ ಮೇಲೆ ಎದ್ದು ಯಜಮಾನಿಕೆಯನ್ನು ತಾನೇ ವಹಿಸಿಕೊಂಡಳು. ಅದೇ ಸಾಲವನ್ನು ಬೇರೆ ಮನೆಗೆ ಕೊಡುವಂತೆ ಫೋನಿನಲ್ಲೇ ಬ್ಯಾಂಕಿನವಳನ್ನು ಒಪ್ಪಿಸಿದಳು, ಫೋನಿನಲ್ಲೇ ಇನ್ನೊಂದು ಮನೆ ಹುಡುಕಿದಳು. ಆ ಮನೆಯ ಗೋಡೆಗಳಿಂದ ಹಕ್ಕಳೆ ಹಕ್ಕಳೆಯಾಗಿ ಸುಣ್ಣ ಉದುರುತ್ತಿತ್ತು, ಅದನ್ನು ಕಂಡು ಭಾವನವರ ಕೈ ಎಷ್ಟು ತುರಿಸಿತೋ. ಇಂಜಿನಿಯರು ಬರುವ ದಿನ ಅಕ್ಕ ನನ್ನ ಹೆಗಲು ಹಿಡಿದು, ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚಿ, ಇಳಿದು ಬಂದಳು. ಗಂಡ ಬ್ರಷ್ಷು ಹಿಡಿಯದಂತೆ ಕಾಯಲು ಬೇರೆ ಯಾರನ್ನೂ ಅವಳು ನಂಬುವಂತಿರಲಿಲ್ಲ.

ಅದೇ ಇಂಜಿನಿಯರು. ಅದೇ ಚಾವಣಿ, ಪಾಯ, ಚರಂಡಿಯ ಕೆಲಸ ಮುಗಿಸಿ, ಎಲ್ಲ ಸರಿಯಿದೆ ಎಂದ. ಮನೆಯ ಒಡೆಯ ಪಕ್ಕದಲ್ಲೇ ಇದ್ದ. ಇಂಜಿನಿಯರು ಉದುರಿದ ಸುಣ್ಣವನ್ನು ಪ್ಯಾಂಟಿನಿಂದ ಕೊಡವಿಕೊಳ್ಳುತ್ತಾ, ಒಳ್ಳೆ ಪೇಂಟರು ಯಾರಾದರೂ ಗೊತ್ತೇ ಎಂದು ನಮ್ಮನ್ನು ಕೇಳಿದ. ಭಾವನವರ ಬಾಯಿ ತೆರೆಯಿತು.

"ಯಾರೂ ಗೊತ್ತಿಲ್ಲ," ಎಂದಳು ಅಕ್ಕ.

ಮನೆಯ ಪತ್ರ ಕೈಗೆ ಬಂದ ದಿನ ಸಾಮಾನು ಇನ್ನೂ ಲಾರಿಯಲ್ಲೇ ಇತ್ತು. ಅಕ್ಕ ಬೀದಿಯಿಂದ ನೇರವಾಗಿ ಮನೆಯೊಳಗೆ ನಡೆದಳು. ಮತ್ತೆ ಬೀದಿಗೆ ಬಂದಳು. ಮತ್ತೆ ಒಳಗೆ ಹೋದಳು. ಏನಾದರೂ ಮರೆತೆಯಾ ಎಂದು ಭಾವನವರು ಗಾಬರಿಯಿಂದ ಕೇಳಿದರು.

"ಏನಿಲ್ಲ," ಎಂದಳು ಅಕ್ಕ, ಮೂರನೆಯ ಸಲ ಹೊರಗೆ ಬರುತ್ತಾ. "ಸುಮ್ನೆ ಹೋಗಿ ಬರ್ತಿದೀನಿ."